ಕಾಫ್ಕಾ ಕ್ಯೂನಲ್ಲಿ ಹಳೇ ಡೇಟಾ ತಾನಾಗೇ ಅಳಿಸಿ ಹೋಗ್ತಿಲ್ವಾ? ಒಂದೊಂದೇ ಹಂತ ಹೀಗೆ ನೋಡಿ

"ರಿಟೆನ್ಷನ್ (ಡೇಟಾ ಇಟ್ಕೊಳ್ಳೋ ಅವಧಿ) ಒಂದು ದಿನ ಅಂತ ಇಟ್ಟಿದೀನಿ, ಹತ್ತು ದಿನದ ಹಿಂದಿನ ಡೇಟಾ ಇನ್ನೂ ಕೂತಿದೆ, ಡಿಸ್ಕ್ ತುಂಬ್ತಾ ಇದೆ, ಏನ್ ಮಾಡ್ಲಿ?" ಮಳೆಗಾಲ ಶುರುವಾದ್ರೆ ಸಾಕು, ಇದೇ ಪ್ರಶ್ನೆ ಬೇರೆ ಬೇರೆಯವರಿಂದ ಬರ್ತಾನೇ ಇರುತ್ತೆ. ಪ್ರತಿಯೊಬ್ರಿಗೂ ಬೇರೆ ಬೇರೆ ಟೈಪ್ ಮಾಡಿ ಮಾಡಿ ಸಾಕಾಗಿ ಒಂದೇ ಕಡೆ ಬರೀತಿದೀನಿ. ಕೊಡಗಲ್ಲಿ ಈಗ ತುಂಬಾ ಜನ ತೋಟದಲ್ಲಿ ಮಳೆ ಮಾಪಕ, ಮಣ್ಣಿನ ತೇವದ ಸೆನ್ಸರ್, ಬೇಲಿ ಹತ್ರ ಆನೆ ನೋಡೋ ಕ್ಯಾಮೆರಾ ಎಲ್ಲ ಹಾಕಿ, ಎಲ್ಲದರ ಡೇಟಾನೂ ಮನೇಲೋ ಆಫೀಸಲ್ಲೋ ಇರೋ ಒಂದು ಸಣ್ಣ ಸರ್ವರ್‌ಗೆ ತರಿಸ್ತಾರೆ, ಮಧ್ಯದಲ್ಲಿ ಕಾಫ್ಕಾ, ಅಂದ್ರೆ ಬಂದ ಡೇಟಾನ ಸಾಲಾಗಿ ಹಿಡಿದಿಟ್ಕೊಂಡು ಓದೋ ಪ್ರೋಗ್ರಾಂಗಳಿಗೆ ಕೊಡೋ ಕ್ಯೂ. (ಕಾಫಿ ಅಲ್ಲ, ಕಾಫ್ಕಾ. ನಮ್ಮ ಕಡೆ ಇದನ್ನ ಪ್ರತಿ ಸಲ ಹೇಳ್ಬೇಕಾಗುತ್ತೆ. ಲಿಂಕ್ಡ್‌ಇನ್ ಕಂಪನಿಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆದ ಸಾಫ್ಟ್‌ವೇರ್ ಅದು, ಫ್ರಾಂಜ್ ಕಾಫ್ಕಾ ಅನ್ನೋ ಬರಹಗಾರನ ಹೆಸರು ಇಟ್ಟಿದ್ದಾರೆ ಅಷ್ಟೇ.)

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಹತ್ತರಲ್ಲಿ ಒಂಬತ್ತು ಸಲ ಕ್ಲೀನಪ್ ಕೆಟ್ಟಿರಲ್ಲ. ಅದು ಅದರ ಲೆಕ್ಕದಲ್ಲಿ ಸರಿಯಾಗೇ ಕೆಲಸ ಮಾಡ್ತಿರುತ್ತೆ, ಆ ಲೆಕ್ಕ ನಾವು ಅಂದ್ಕೊಂಡಿರೋ ಲೆಕ್ಕ ಅಲ್ಲ. ಹಾಗಾಗಿ ಸೆಟ್ಟಿಂಗ್ ಮುಟ್ಟೋಕೆ ಮುಂಚೆ ಮುಂದಿನ ಭಾಗ ಓದಿ, ಇದನ್ನ ಬಿಟ್ಟು ಹಂತಗಳಿಗೆ ಹಾರಿದ್ರೆ ಮತ್ತೆ ವಾಪಸ್ ಬರ್ಬೇಕಾಗುತ್ತೆ.

ಮೂಟೆ ಲೆಕ್ಕ

ಕಾಫ್ಕಾದಲ್ಲಿ ಒಂದು ವಿಷಯದ ಡೇಟಾಗೆ ಟಾಪಿಕ್ ಅಂತಾರೆ. ಮಳೆಗೆ ಒಂದು ಟಾಪಿಕ್, ಕ್ಯಾಮೆರಾಗೆ ಒಂದು. ಟಾಪಿಕ್‌ನ ಭಾಗ ಮಾಡಿದ್ರೆ ಪಾರ್ಟಿಷನ್, ಡಿಸ್ಕ್ ಮೇಲೆ ಅದು ಒಂದು ಫೋಲ್ಡರ್. ಆ ಫೋಲ್ಡರ್ ಒಳಗೆ ಡೇಟಾ ಇರೋದು ತುಂಡು ತುಂಡು ಫೈಲ್‌ಗಳಲ್ಲಿ, ಒಂದೊಂದು ತುಂಡಿಗೂ ಸೆಗ್ಮೆಂಟ್ ಅಂತ ಹೆಸರು. ಡೇಟಾ ಕಳಿಸೋ ಪ್ರೋಗ್ರಾಂ ಪ್ರೊಡ್ಯೂಸರ್, ಓದೋದು ಕನ್ಸ್ಯೂಮರ್, ಇಟ್ಕೊಂಡಿರೋ ಸರ್ವರ್ ಬ್ರೋಕರ್. ಎಷ್ಟು ದಿನ ಇಟ್ಕೋಬೇಕು ಅನ್ನೋ ನಿಯಮಕ್ಕೆ ರಿಟೆನ್ಷನ್ ಅಂತಾರೆ.

ಈಗ ಸೆಗ್ಮೆಂಟ್ ಅನ್ನೋದನ್ನ ಗೋಡೌನ್‌ನಲ್ಲಿರೋ ಕಾಫಿ ಮೂಟೆ ಅಂದ್ಕೊಳ್ಳಿ. ದಿನಾ ಒಣಗಿದ ಚೆರಿ ತಂದು ಬಾಯಿ ತೆರೆದ ಮೂಟೆಗೆ ಸುರೀತೀರಿ, ತುಂಬಿದ ಮೇಲೆ ಬಾಯಿ ಹೊಲಿದು ಪಕ್ಕಕ್ಕಿಟ್ಟು ಹೊಸ ಮೂಟೆ ತೆಗೀತೀರಿ. ಕಾಫ್ಕಾ ಹಳೇ ಡೇಟಾ ತೆಗೆಯುವಾಗ ಮೂಟೆ ಒಳಗೆ ಕೈ ಹಾಕಿ ಹಳೇ ಕಾಳು ಆರಿಸಲ್ಲ. ಎಸೆದ್ರೆ ಇಡೀ ಮೂಟೆ ಎಸೆಯುತ್ತೆ, ಇಲ್ಲಾಂದ್ರೆ ಮುಟ್ಟಲ್ಲ. ಎಸೀಬೇಕೋ ಬೇಡ್ವೋ ಅಂತ ನೋಡೋದು ಆ ಮೂಟೆಲಿರೋ ಎಲ್ಲಕ್ಕಿಂತ ಹೊಸ ಕಾಳಿನ ತಾರೀಖು. ಹಳೇದರದ್ದಲ್ಲ, ಹೊಸದರದ್ದು! ಜೊತೆಗೆ ಸಾಲಲ್ಲಿ ಎಲ್ಲಕ್ಕಿಂತ ಹಳೇ ಮೂಟೆಯಿಂದ ನೋಡ್ಕೊಂಡು ಬರುತ್ತೆ, ಎಸೆಯೋಕಾಗದ ಒಂದು ಮೂಟೆ ಸಿಕ್ಕಿದ್ರೆ ಅಲ್ಲೇ ನಿಲ್ಲುತ್ತೆ, ಅದರ ನಂತರ ಅವಧಿ ಮುಗಿದ ಮೂಟೆ ಎಷ್ಟಿದ್ರೂ ನೋಡಲ್ಲ.

ಇನ್ನೊಂದು ತಪ್ಪು ತಿಳುವಳಿಕೆ, "ಕನ್ಸ್ಯೂಮರ್ ಓದಿ ಆಯ್ತಲ್ಲ, ಮತ್ಯಾಕೆ ಇನ್ನೂ ಇದೆ" ಅನ್ನೋದು. ಬೇರೆ ಕೆಲವು ಕ್ಯೂಗಳಲ್ಲಿ ಓದಿದ ಮೆಸೇಜ್ ಹೋಗ್ಬಿಡುತ್ತೆ, ಕಾಫ್ಕಾದಲ್ಲಿ ಇಲ್ಲ. ಓದಿದ್ರೂ ಇರುತ್ತೆ, ಓದ್ದೇ ಇದ್ರೂ ಟೈಮ್ ಮುಗಿದ್ರೆ ಹೋಗುತ್ತೆ.

ಏನೇನು ಬೇಕು

ಸರ್ವರ್‌ಗೆ ಲಾಗಿನ್, ಕಾಫ್ಕಾ ಜೊತೆ ಬರೋ ಸ್ಕ್ರಿಪ್ಟ್‌ಗಳಿರೋ ಬಿನ್ ಫೋಲ್ಡರ್ ಎಲ್ಲಿದೆ ಅನ್ನೋದು, ನಿಮ್ಮ ಕಾಫ್ಕಾ ವರ್ಷನ್ ಯಾವ್ದು ಅನ್ನೋದು, ಮತ್ತೆ ಒಂದು ನೋಟ್‌ಬುಕ್. ನೋಟ್‌ಬುಕ್ ತಮಾಷೆಗೆ ಹೇಳ್ತಿಲ್ಲ, ಯಾವ ಸೆಟ್ಟಿಂಗ್ ಎಷ್ಟಿತ್ತು ಎಷ್ಟು ಮಾಡಿದೆ ಅಂತ ಬರೀದೇ ಇದ್ರೆ ಕೊನೇ ಹಂತದಲ್ಲಿ ಪೇಚಾಡ್ತೀರಿ. ಸೆಟ್ಟಿಂಗ್ ಹೆಸರುಗಳನ್ನ ಇಲ್ಲಿ ಕನ್ನಡದಲ್ಲೇ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ, ಡಾಟ್ ಅಂದಲ್ಲಿ ಚುಕ್ಕೆ, ಮಧ್ಯ ಸ್ಪೇಸ್ ಬೇಡ.

ಹಂತ 1: ತುಂಬ್ತಿರೋದು ಕ್ಯೂನೇನಾ?

ಕೇಳೋಕೆ ಪೆದ್ದು ಪ್ರಶ್ನೆ ಥರ ಇದೆ, ಆದ್ರೆ ಇಲ್ಲೇ ಎಷ್ಟೋ ಜನರ ಕೇಸ್ ಮುಗಿಯುತ್ತೆ. ಕಾಫ್ಕಾದಲ್ಲಿ ಲಾಗ್ ಅನ್ನೋ ಪದಕ್ಕೆ ಎರಡು ಅರ್ಥ. ಒಂದು ನಿಮ್ಮ ಡೇಟಾ ಇರೋ ಜಾಗ, ಅದು ಲಾಗ್ ಡಾಟ್ ಡಿರ್ಸ್ ಅನ್ನೋ ಸೆಟ್ಟಿಂಗ್‌ನಲ್ಲಿರುತ್ತೆ. ಇನ್ನೊಂದು ಕಾಫ್ಕಾ ತನ್ನ ದಿನಚರಿ ಬರ್ಕೊಳ್ಳೋ ಲಾಗ್ಸ್ ಫೋಲ್ಡರ್, ಸರ್ವರ್ ಡಾಟ್ ಲಾಗ್ ಅಂತ ಫೈಲ್‌ಗಳಿರ್ತವಲ್ಲ ಅದು. ಎರಡನೇದಕ್ಕೆ ರಿಟೆನ್ಷನ್ ಸೆಟ್ಟಿಂಗ್ ಅನ್ವಯಿಸೋದೇ ಇಲ್ಲ, ಗಂಟೆಗೊಂದು ಫೈಲ್ ಆಗಿ ಸೇರ್ತಾ ಹೋಗುತ್ತೆ, ಯಾರೂ ಅಳಿಸಲ್ಲ. ಎರಡೂ ಫೋಲ್ಡರ್ ಎಷ್ಟೆಷ್ಟು ಜಾಗ ತಿಂದಿದೆ ಅಂತ ಡಿಯು ಕಮಾಂಡ್‌ನಲ್ಲಿ ನೋಡಿ. ದಿನಚರಿ ಫೈಲ್‌ಗಳೇ ತುಂಬಿದ್ರೆ ಹಳೇವನ್ನ ಧೈರ್ಯವಾಗಿ ಅಳಿಸ್ಬಹುದು, ಲಿನಕ್ಸ್‌ನ ಲಾಗ್‌ರೊಟೇಟ್‌ಗೆ (ಹಳೇ ಲಾಗ್ ಫೈಲ್ ತಾನಾಗೇ ತೆಗೆಯೋ ಪ್ರೋಗ್ರಾಂ) ಒಪ್ಪಿಸಿಬಿಡಿ, ಮುಗೀತು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 30 ಮಳೆ ಮಾಪಕ, 5 ನಿಮಿಷಕ್ಕೊಂದು ಮೆಸೇಜ್, ಒಂದೊಂದು 200 ಬೈಟ್ ಅಂದ್ರೆ ದಿನಕ್ಕೆ 8640 ಮೆಸೇಜ್, ಎರಡು ಎಂಬಿ ಕೂಡ ಆಗಲ್ಲ. ಇದು ವರ್ಷಗಟ್ಲೆ ಅಳಿಸದೇ ಇದ್ರೂ ಡಿಸ್ಕ್ ತುಂಬಲ್ಲ. ಆದ್ರೆ 4 ಕ್ಯಾಮೆರಾ, 10 ಸೆಕೆಂಡಿಗೊಂದು ಫೋಟೋ, ಒಂದು ಫೋಟೋ 400 ಕೆಬಿ ಅಂದ್ರೆ ದಿನಕ್ಕೆ ಹತ್ರ ಹತ್ರ 14 ಜಿಬಿ, 256 ಜಿಬಿ ಡಿಸ್ಕ್ ಹದಿನೆಂಟು ದಿನಕ್ಕೆ ಢಮಾರ್. ಹಾಗಾಗಿ ಯಾವ ಟಾಪಿಕ್ ಅಂತ ಮೊದ್ಲು ಗೊತ್ತು ಮಾಡ್ಕೊಳ್ಳಿ, ಸುಮ್ನೆ ಎಲ್ಲದಕ್ಕೂ ಕೈ ಹಾಕ್ಬೇಡಿ.

ಇದೇ ಹಂತದಲ್ಲಿ ಇನ್ನೆರಡು ವಿಷಯ. ಫೈಲ್ ಅಳಿಸಿ ಹೋಗಿದ್ರೂ ಯಾವ್ದೋ ಪ್ರೋಗ್ರಾಂ ಅದನ್ನ ಹಿಡ್ಕೊಂಡಿದ್ರೆ ಜಾಗ ವಾಪಸ್ ಬರಲ್ಲ, ಡಿಎಫ್ (ಇಡೀ ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳೋ ಕಮಾಂಡ್) ಒಂದು ಹೇಳುತ್ತೆ ಡಿಯು ಇನ್ನೊಂದು ಹೇಳುತ್ತೆ, ಹಂಗಿದ್ರೆ ಎಲ್‌ಎಸ್‌ಓಎಫ್ ಕಮಾಂಡ್‌ನಲ್ಲಿ ಯಾರು ಹಿಡ್ಕೊಂಡಿದ್ದಾರೆ ನೋಡಿ. ಆಮೇಲೆ ವಿಂಡೋಸ್ ಮೇಲೆ ಕಾಫ್ಕಾ ಓಡಿಸ್ತಿದ್ರೆ ದಯವಿಟ್ಟು ನಿಲ್ಸಿ. ತೆರೆದಿರೋ ಫೈಲ್‌ನ ಹೆಸರು ಬದಲಾಯಿಸೋಕೆ ವಿಂಡೋಸ್ ಬಿಡಲ್ಲ, ಕಾಫ್ಕಾ ಅಳಿಸೋಕೆ ಮುಂಚೆ ಹೆಸರು ಬದಲಾಯಿಸುತ್ತೆ, ಅಲ್ಲಿ ಜಗಳ ಆಗಿ ಬ್ರೋಕರ್ರೇ ಬಿದ್ದು ಹೋಗುತ್ತೆ. ಇದು ತುಂಬಾ ಹಳೇ ಸಮಸ್ಯೆ. ಅದೇ ಕಂಪ್ಯೂಟರ್‌ನಲ್ಲಿ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ವ್ಯವಸ್ಥೆ) ಹಾಕಿ, ಅದರೊಳಗೆ ಓಡಿಸಿ.

ಹಂತ 2: ಪಾಲಿಸಿ ಡಿಲೀಟಾ, ಕಂಪ್ಯಾಕ್ಟಾ?

ಕಾಫ್ಕಾ ಕಾನ್ಫಿಗ್ಸ್ ಅನ್ನೋ ಸ್ಕ್ರಿಪ್ಟ್‌ನಲ್ಲಿ ಟಾಪಿಕ್ ಹೆಸರು ಕೊಟ್ಟು ಡಿಸ್ಕ್ರೈಬ್ ಅಂತ ಕೇಳಿ. ಕ್ಲೀನಪ್ ಡಾಟ್ ಪಾಲಿಸಿ ಎದುರು ಏನಿದೆ ನೋಡಿ. ಏನೂ ಇಲ್ಲ ಅಂದ್ರೆ ಡಿಲೀಟ್, ಅದೇ ಡೀಫಾಲ್ಟ್. ಕಂಪ್ಯಾಕ್ಟ್ ಅಂತಿದ್ರೆ ಕಥೆ ಬೇರೆ. ಅದರ ಅರ್ಥ, ಪ್ರತಿ ಕೀಗೂ (ಮೆಸೇಜ್ ಯಾವುದರದ್ದು ಅಂತ ಗುರುತಿಸೋ ಹೆಸರು) ಕೊನೇ ವ್ಯಾಲ್ಯೂ ಯಾವತ್ತೂ ಇಟ್ಕೋ ಅಂತ. ಮಾಪಕದ ನಂಬರ್ ಕೀ ಆಗಿದ್ರೆ ಆ ಮಾಪಕದ ಕೊನೇ ರೀಡಿಂಗ್ ವರ್ಷ ಕಳೆದ್ರೂ ಹೋಗಲ್ಲ, ರಿಟೆನ್ಷನ್ ಎಷ್ಟಾದ್ರೂ ಇಡಿ, ಅದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಹಳೇದು ದಿನದ ಲೆಕ್ಕದಲ್ಲೂ ಹೋಗ್ಬೇಕು ಅಂದ್ರೆ ಪಾಲಿಸಿನ ಕಂಪ್ಯಾಕ್ಟ್ ಕಾಮಾ (ಅಲ್ಪವಿರಾಮ) ಡಿಲೀಟ್ ಅಂತ ಎರಡೂ ಸೇರಿಸಿ ಇಡಿ.

ಕಂಪ್ಯಾಕ್ಟೇ ಬೇಕು, ಆದ್ರೆ ಒಂದೇ ಕೀಗೆ ಹಳೇ ವ್ಯಾಲ್ಯೂಗಳೂ ಹಾಗೇ ಉಳಿದಿವೆ ಅನ್ನೋರಿಗೆ: ಬಾಯಿ ತೆರೆದ ಮೂಟೆಲಿ ಕಂಪ್ಯಾಕ್ಷನ್ ನಡಿಯಲ್ಲ, ಮತ್ತೆ ಸ್ವಚ್ಛ ಆಗದ ಭಾಗ ಸುಮಾರು ಅರ್ಧ ಆಗೋ ತನಕ ಕ್ಲೀನರ್ ಆ ಕಡೆ ಬರೋದೂ ಇಲ್ಲ. ಇಷ್ಟಾದ್ಮೇಲೂ ಬೆಳೀತಾನೇ ಇದ್ರೆ ಕ್ಲೀನರ್ ಥ್ರೆಡ್, ಅಂದ್ರೆ ಹಿನ್ನೆಲೆಲಿ ಓಡೋ ಆ ಕೆಲಸಗಾರ, ಯಾವ್ದೋ ಎರರ್ ಬಂದು ನಿಂತು ಹೋಗಿರುತ್ತೆ. ಲಾಗ್ ಕ್ಲೀನರ್ ಡಾಟ್ ಲಾಗ್ ಫೈಲ್ ತೆಗೆದು ಕೊನೇ ಸಾಲು ಯಾವತ್ತಿನದು ನೋಡಿ, ತಿಂಗಳ ಹಿಂದಿನದಾಗಿದ್ರೆ ಸಿಕ್ತು ಕಳ್ಳ. ಬ್ರೋಕರ್ ರೀಸ್ಟಾರ್ಟ್ ಮಾಡಿದ್ರೆ ಮತ್ತೆ ಎದ್ದೇಳುತ್ತೆ, ಅದೇ ಎರರ್‌ಗೆ ಮತ್ತೆ ಬಿದ್ರೆ ಆ ಎರರ್ ಸಾಲು ಓದಿ. ಕನ್ಸ್ಯೂಮರ್‌ಗಳ ಲೆಕ್ಕ ಇಡೋ ಕಾಫ್ಕಾದ ಒಳಗಿನ ಟಾಪಿಕ್ ಕೂಡ ಕಂಪ್ಯಾಕ್ಟೇ, ಡೀಫಾಲ್ಟ್ 50 ಪಾರ್ಟಿಷನ್. ಅದು ಜಿಬಿಗಟ್ಲೆ ಬೆಳೆದಿದ್ರೆ ಕಾರಣ ಬಹುತೇಕ ಇದೇ, ಅದನ್ನ ಮಾತ್ರ ಕೈಯಲ್ಲಿ ಅಳಿಸೋಕೆ ಹೋಗ್ಬೇಡಿ.

ಹಂತ 3: ನಿಜವಾಗಿ ಜಾರಿಲಿರೋ ರಿಟೆನ್ಷನ್ ಎಷ್ಟು?

ಏನೂ ಇಡದೇ ಇದ್ರೆ 168 ಗಂಟೆ, ಅಂದ್ರೆ 7 ದಿನ. ಬ್ರೋಕರ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಗಂಟೆ, ನಿಮಿಷ, ಮಿಲಿಸೆಕೆಂಡ್ ಅಂತ ಮೂರು ಥರ ಇಡಬಹುದು, ಮೂರೂ ಇದ್ರೆ ಮಿಲಿಸೆಕೆಂಡ್‌ದೇ ಗೆಲ್ಲೋದು, ಅದಿಲ್ಲಾಂದ್ರೆ ನಿಮಿಷದ್ದು. ಇದೆಲ್ಲಕ್ಕಿಂತ ಮೇಲೆ ಟಾಪಿಕ್‌ಗೇ ಬೇರೆ ಇಟ್ಟಿದ್ರೆ ಅದೇ ಅಂತಿಮ. ಯಾರೋ ಹಿಂದೆ ಟಾಪಿಕ್ ಮಾಡುವಾಗ 90 ದಿನ ಅಂತ ಇಟ್ಟು ಹೋಗಿರ್ತಾರೆ, ನೀವು ಬ್ರೋಕರ್ ಫೈಲ್‌ನಲ್ಲಿ ಎಷ್ಟು ಸಲ ಬದಲಾಯಿಸಿ ರೀಸ್ಟಾರ್ಟ್ ಮಾಡಿದ್ರೂ ಏನೂ ಆಗಲ್ಲ. ಡಿಸ್ಕ್ರೈಬ್ ಕಮಾಂಡ್ ತೋರಿಸೋದನ್ನ ನಂಬಿ, ಫೈಲ್‌ನಲ್ಲಿ ಬರ್ದಿರೋದನ್ನಲ್ಲ.

ಟಾಪಿಕ್ ಮಟ್ಟದ ರಿಟೆನ್ಷನ್ ಡಾಟ್ ಎಂಎಸ್ ಇರೋದು ಮಿಲಿಸೆಕೆಂಡಲ್ಲಿ. ಒಂದು ದಿನ ಅಂದ್ರೆ 86400000, ಏಳು ದಿನ 604800000. ಸೊನ್ನೆ ಎಣಿಸಿ. ಮೂರು ಸೊನ್ನೆ ಬಿಟ್ಟು 604800 ಅಂತ ಹಾಕಿದ್ರೆ ಹತ್ತು ನಿಮಿಷದ ರಿಟೆನ್ಷನ್ ಆಗುತ್ತೆ, ಡೇಟಾ ಮಾಯ.

ಗಾತ್ರದ ಮೇಲೂ ಮಿತಿ ಇಡಬಹುದು, ರಿಟೆನ್ಷನ್ ಡಾಟ್ ಬೈಟ್ಸ್ ಅಂತ, ಡೀಫಾಲ್ಟ್ ಮೈನಸ್ 1, ಅಂದ್ರೆ ಮಿತಿ ಇಲ್ಲ. ಇಲ್ಲೊಂದು ಹೊಂಡ ಇದೆ ನೋಡ್ಕೊಳ್ಳಿ, ಈ ಮಿತಿ ಟಾಪಿಕ್‌ಗಲ್ಲ, ಒಂದೊಂದು ಪಾರ್ಟಿಷನ್‌ಗೆ. 10 ಜಿಬಿ ಅಂತ ಇಟ್ಟು ಪಾರ್ಟಿಷನ್ 6 ಇದ್ರೆ 60 ಜಿಬಿ, ಅದರ ಮೇಲೆ ಒಂದೊಂದಕ್ಕೂ ಒಂದು ಮೂಟೆ ಹೆಚ್ಚುವರಿ ಇರ್ಬಹುದು, ಅಲ್ಲಿಗೆ 66. ಕಾಪಿ ಇಟ್ಟಿದ್ರೆ ಅದರಷ್ಟು ಪಟ್ಟು.

ಎಚ್ಚರಿಕೆ: ಡಿಸ್ಕ್ ತುಂಬ್ತು ಅಂತ ಗಾಬರಿಲಿ ರಿಟೆನ್ಷನ್ ಇಳಿಸೋಕೆ ಮುಂಚೆ ಕನ್ಸ್ಯೂಮರ್ ಎಷ್ಟು ಹಿಂದೆ ಉಳಿದಿದೆ ನೋಡಿ. ಡೇಟಾಬೇಸ್‌ಗೆ ಬರೆಯೋ ಪ್ರೋಗ್ರಾಂ ಇನ್ನೊಂದು ಕಡೆ ಓಡ್ತಿದ್ದು, ಅಲ್ಲಿ ಕರೆಂಟ್ ಇಲ್ದೇ ಮೂರು ದಿನದಿಂದ ನಿಂತಿದ್ರೆ, ನೀವಿಲ್ಲಿ ಒಂದು ದಿನಕ್ಕಿಳಿಸಿದ ತಕ್ಷಣ ಎರಡು ದಿನದ ಮಳೆ ಲೆಕ್ಕ ಹೋಯ್ತು, ಯಾರೂ ವಾಪಸ್ ತರೋಕಾಗಲ್ಲ. ನಮ್ಮ ಕಡೆ ಕಕ್ಕಡ ತಿಂಗಳ ಜೋರು ಮಳೇಲಿ ಮರ ಬಿದ್ದು ಲೈನ್ ಹೋದ್ರೆ ಎಷ್ಟು ದಿನ ಆಗುತ್ತೆ ಅಂತ ನಿಮಗೇ ಗೊತ್ತು, 2018ರ ಆಗಸ್ಟ್ ನೆನಪಿರೋರಿಗಂತೂ ಹೇಳೋದೇ ಬೇಡ. ನನ್ನ ಲೆಕ್ಕದಲ್ಲಿ ಮಳೆ ಟಾಪಿಕ್‌ಗೆ ರಿಟೆನ್ಷನ್ ಹದಿನೈದು ದಿನಕ್ಕಿಂತ ಕಮ್ಮಿ ಇಡಲೇಬಾರದು, ದಿನಕ್ಕೆ ಎರಡು ಎಂಬಿಗೆ ಯಾಕೆ ಜಿಪುಣತನ. ಫೋಟೋ ಟಾಪಿಕ್ ಬೇಕಾದ್ರೆ ಒಂದು ದಿನ ಇಡಿ.

ಹಂತ 4: ಮೂಟೆ ಬಾಯಿ ಹೊಲೀತಿದೆಯಾ?

ಕಮ್ಮಿ ಡೇಟಾ ಬರೋ ಟಾಪಿಕ್‌ಗಳಲ್ಲಿ ಎಲ್ಲರೂ ಎಡವೋ ಕಲ್ಲು ಇದು. ಮೂಟೆ ಹೊಲಿಯೋದು ಮುಖ್ಯವಾಗಿ ಎರಡು ಸಂದರ್ಭದಲ್ಲಿ. 1 ಜಿಬಿ ತುಂಬಿದ್ರೆ, ಇಲ್ಲಾಂದ್ರೆ 7 ದಿನ ಆದ್ರೆ. ಎರಡೂ ಡೀಫಾಲ್ಟ್, ಸೆಗ್ಮೆಂಟ್ ಡಾಟ್ ಬೈಟ್ಸ್ ಮತ್ತು ಸೆಗ್ಮೆಂಟ್ ಡಾಟ್ ಎಂಎಸ್. ಮಳೆ ಮಾಪಕದ ಡೇಟಾ 1 ಜಿಬಿ ಆಗೋಕೆ ಒಂದೂವರೆ ವರ್ಷ ಬೇಕು, ಹಾಗಾಗಿ 7 ದಿನದ ಲೆಕ್ಕವೇ ನಡಿಯೋದು. ನೀವು ರಿಟೆನ್ಷನ್ ಒಂದು ದಿನ ಅಂತ ಇಟ್ರೂ ಏಳು ದಿನ ಮೂಟೆ ಬಾಯಿ ತೆರೆದೇ ಇರುತ್ತೆ, ಹೊಸ ಕಾಳು ಬೀಳ್ತಾನೇ ಇರುತ್ತೆ, ಹೊಲಿದ ಮೇಲೆ ಅದರಲ್ಲಿರೋ ಕೊನೇ ಕಾಳು ಒಂದು ದಿನ ಹಳೇದಾಗ್ಬೇಕು. ಎಂಟು ದಿನ ಆಯ್ತಾ? ಡೀಫಾಲ್ಟ್ ಏಳು ದಿನದ ರಿಟೆನ್ಷನ್ ಇದ್ರೆ ಹದಿನಾಲ್ಕು ದಿನದ ಹಳೇ ಮೆಸೇಜ್ ಕಾಣ್ಸಿದ್ರೂ ಅದು ತಪ್ಪಲ್ಲ.

ಇನ್ನೊಂದು ವಿಚಿತ್ರ, ಹೊಲಿಯೋಕೆ ಟೈಮ್ ಆಗಿದೆಯಾ ಅಂತ ನೋಡೋದು ಹೊಸ ಮೆಸೇಜ್ ಬಂದಾಗ ಮಾತ್ರ. ಪೂರ್ತಿ ನಿಂತು ಹೋದ ಟಾಪಿಕ್‌ನಲ್ಲಿ ಕೊನೇ ಕಾಳೂ ಹಳೇದಾದ ಮೇಲೆ ತೆರೆದ ಮೂಟೆನೂ ಹೋಗುತ್ತೆ, ಅದಕ್ಕೆ ಚಿಂತೆ ಇಲ್ಲ. ಆಗೊಂದು ಈಗೊಂದು ಬೀಳ್ತಿರೋದೇ ಕಿರಿಕಿರಿ.

ಪರಿಹಾರ, ಆ ಟಾಪಿಕ್‌ಗೆ ಸೆಗ್ಮೆಂಟ್ ಡಾಟ್ ಎಂಎಸ್ ಇಳಿಸಿ. ಒಂದು ದಿನದ ರಿಟೆನ್ಷನ್‌ಗೆ 6 ಗಂಟೆ, ಅಂದ್ರೆ 21600000, ಸಾಕು. ಆದ್ರೆ ಉತ್ಸಾಹದಲ್ಲಿ ಒಂದು ನಿಮಿಷ ಅಂತ ಇಡಬೇಡಿ. ಒಂದೊಂದು ಮೂಟೆಗೂ ಡೇಟಾ ಫೈಲ್, ಅದರ ಇಂಡೆಕ್ಸ್, ಟೈಮ್ ಇಂಡೆಕ್ಸ್ ಅಂತ ಕನಿಷ್ಠ ಮೂರು ಫೈಲ್, ದಿನಕ್ಕೆ 1440 ಮೂಟೆ ಆದ್ರೆ ಸಿಸ್ಟಂ ತೆರೆಯೋ ಫೈಲ್‌ಗಳ ಮಿತಿ ದಾಟಿ ಬ್ರೋಕರ್ ಕೈ ಎತ್ತುತ್ತೆ. ಹಾಂ, ತೆರೆದ ಮೂಟೆಯ ಇಂಡೆಕ್ಸ್ ಫೈಲ್ 10 ಎಂಬಿ ಅಂತ ಕಾಣುತ್ತೆ, ಮುಂಚೇನೇ ಜಾಗ ಕಾದಿರಿಸಿರೋದು ಅದು, ಹೆದರ್ಬೇಡಿ.

ಹಂತ 5: ಮೂಟೆ ಮೇಲಿನ ತಾರೀಖು ಓದಿ

ಇಲ್ಲೀ ತನಕ ಎಲ್ಲ ಸರಿ ಇದೆ, ಹೊಲಿದ ಮೂಟೆಗಳು ರಾಶಿ ಬಿದ್ದಿವೆ, ಆದ್ರೂ ಒಂದೂ ಹೋಗ್ತಿಲ್ಲ ಅಂದ್ರೆ ಬಹುತೇಕ ಕಾರಣ ಇದು. ತುಂಬಾ ಜನ ಇಲ್ಲಿಗೆ ಬರೋದೇ ಇಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಕಾಳಿನ ತಾರೀಖು ಬರೆಯೋದು ಯಾರು? ಡೀಫಾಲ್ಟ್ ಆಗಿ ಪ್ರೊಡ್ಯೂಸರ್. ಮೆಸೇಜ್ ಡಾಟ್ ಟೈಮ್‌ಸ್ಟ್ಯಾಂಪ್ ಡಾಟ್ ಟೈಪ್ ಅನ್ನೋದು ಕ್ರಿಯೇಟ್ ಟೈಮ್ ಅಂತಿರುತ್ತೆ. ಅಂದ್ರೆ ತೋಟದ ಮೂಲೆಲಿ ಕಂಬದ ಮೇಲಿರೋ ಸೆನ್ಸರ್ ಪೆಟ್ಟಿಗೆ ತನ್ನ ಗಡಿಯಾರ ನೋಡಿ ಏನು ಬರೆದ್ರೆ ಅದು. ಆ ಗಡಿಯಾರ ಮುಂದಿನ ಯಾವ್ದೋ ವರ್ಷ ತೋರಿಸಿದ್ರೆ? ಆ ಒಂದು ಕಾಳು ಬಿದ್ದ ಮೂಟೆ ಆ ವರ್ಷ ಬರೋ ತನಕ ಹಳೇದಾಗಲ್ಲ. ಕ್ಲೀನಪ್ ಅಲ್ಲೇ ನಿಲ್ಲುತ್ತೆ, ಅದರ ಹಿಂದೆ ಬಂದ ಸಾವಿರ ಮೂಟೆನೂ ಸಾಲಲ್ಲಿ ನಿಂತ್ವು. ಆ ಕಾಳೇ ಮೂಟೆಗೆ ಮೊದಲು ಬಿದ್ದಿದ್ರೆ ಟೈಮ್ ಲೆಕ್ಕದಲ್ಲಿ ಹೊಲಿಯೋದೂ ನಿಲ್ಲುತ್ತೆ, ಯಾಕಂದ್ರೆ ಏಳು ದಿನ ಎಣಿಸೋದೇ ಮೊದಲ ಮೆಸೇಜ್ ತಾರೀಖಿಂದ.

ನಮ್ಮ ಕಡೆ ಇದು ಆಗೋದು ಹೀಗೆ. ಕೆಲವು 4ಜಿ ಮೋಡೆಮ್‌ಗಳು ಟವರ್‌ನಿಂದ ಟೈಮ್ ಸಿಗೋ ತನಕ 1980ರ ಜನವರಿ 6 ಅಂತ ತೋರಿಸ್ತವೆ, ಜಿಪಿಎಸ್ ಕಾಲಗಣನೆ ಶುರುವಾಗೋ ದಿನ ಅದು. ವರ್ಷ ಎರಡೇ ಅಂಕೆಲಿ, 80 ಅಂತ ಬರುತ್ತೆ. ಪೆಟ್ಟಿಗೆಲಿರೋ ಕೋಡ್ ಕಣ್ಮುಚ್ಚಿ ಮುಂದೆ 20 ಸೇರಿಸಿದ್ರೆ 2080. ಪೇಟೆಲಿ ಟವರ್ ತಕ್ಷಣ ಸಿಗುತ್ತೆ, ಯಾರಿಗೂ ಗೊತ್ತಾಗಲ್ಲ. ಭಾಗಮಂಡಲದ ಕಡೆ, ಗಾಳಿಬೀಡಿನ ಕಡೆ ಮಳೇಲಿ ಟವರ್ ಹೋಗಿ ಬಂದು ಆಗುವಾಗ ಪೆಟ್ಟಿಗೆ ರೀಸ್ಟಾರ್ಟ್ ಆದ್ರೆ ಆ ಹತ್ತು ನಿಮಿಷದ ರೀಡಿಂಗ್ 2080ರದ್ದಾಗಿ ಮೆಮೊರಿಲಿ ಕೂತು, ನೆಟ್‌ವರ್ಕ್ ಬಂದಾಗ ಕ್ಯೂಗೆ ಬರುತ್ತೆ. ನನ್ನದೇ ಒಂದು ಪೆಟ್ಟಿಗೆ ಹೀಗೆ ಮಾಡಿತ್ತು, ಎರಡು ದಿನ ರಿಟೆನ್ಷನ್ ನಂಬರ್ ಜೊತೆ ಗುದ್ದಾಡಿ ಆಮೇಲೆ ತಾರೀಖು ನೋಡಿದ್ದು.

ನೋಡೋದು ಹೇಗೆ: ಪಾರ್ಟಿಷನ್ ಫೋಲ್ಡರ್‌ಗೆ ಹೋಗಿ. ಫೈಲ್ ಹೆಸರುಗಳು 20 ಅಂಕೆಯವು, ಉದಾಹರಣೆಗೆ 00000000000000048210. ಇದು ಆ ಮೂಟೆಯ ಮೊದಲ ಮೆಸೇಜ್‌ನ ಆಫ್‌ಸೆಟ್, ಅಂದ್ರೆ ಕ್ರಮಸಂಖ್ಯೆ. ಎಲ್ಲಕ್ಕಿಂತ ಸಣ್ಣ ನಂಬರಿನ ಮೂಟೆ ತಗೊಳ್ಳಿ, ಅದರ ಟೈಮ್‌ಇಂಡೆಕ್ಸ್ ಫೈಲ್‌ನ ಕಾಫ್ಕಾ ಡಂಪ್ ಲಾಗ್ ಸ್ಕ್ರಿಪ್ಟ್‌ಗೆ ಕೊಡಿ. ಇದು ಓದೋದಷ್ಟೇ, ಏನೂ ಹಾಳಾಗಲ್ಲ. ಸಾಲು ಸಾಲಾಗಿ ಟೈಮ್‌ಸ್ಟ್ಯಾಂಪ್, ಎದುರಿಗೆ ಆಫ್‌ಸೆಟ್ ಬರುತ್ತೆ, ಕೊನೇ ಸಾಲಿನದು ಆ ಮೂಟೆಯ ಅತಿ ಹೊಸ ತಾರೀಖು. ಇದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡ್, 13 ಅಂಕೆ ಇರ್ಬೇಕು, ಈಗಿನ ಕಾಲದ್ದು 17ರಿಂದ ಶುರುವಾಗುತ್ತೆ. 3471724800000 ಥರ 34ರಿಂದ ಶುರುವಾಗಿದ್ರೆ ಅದೇ 2080ರ ಜನವರಿ.

ಅಂಕೆ ಎಣಿಸಿದ್ರೆ ಬೇರೆ ಕಾಯಿಲೆಗಳೂ ಗೊತ್ತಾಗ್ತವೆ. 16 ಅಂಕೆ ಇದ್ರೆ ಯಾರೋ ಮೈಕ್ರೋಸೆಕೆಂಡ್ ಕಳಿಸಿದ್ದಾರೆ, ಅದರ ಪ್ರಕಾರ ಐವತ್ತು ಸಾವಿರ ವರ್ಷ ಮುಂದೆ. 10 ಅಂಕೆ ಇದ್ರೆ ಸೆಕೆಂಡ್ ಕಳಿಸಿದ್ದಾರೆ, ಕಾಫ್ಕಾ ಅದನ್ನ ಮಿಲಿಸೆಕೆಂಡ್ ಅಂದ್ಕೊಂಡು 1970ರ ಜನವರಿ ಅನ್ನುತ್ತೆ. ಆಗ ಸಮಸ್ಯೆ ಉಲ್ಟಾ, ಬಂದ ಡೇಟಾ ಐದು ನಿಮಿಷದಲ್ಲಿ ಮಾಯ. ಪೆಟ್ಟಿಗೆ ಗಡಿಯಾರದ ಬಟನ್ ಸೆಲ್ ಸತ್ತು 2000ನೇ ಇಸವಿಗೆ ಹೋದ್ರೂ ಇದೇ ಗತಿ. "ಡೇಟಾ ಬರ್ತಾ ಇದೆ, ಆದ್ರೆ ನಿಲ್ತಿಲ್ಲ" ಅನ್ನೋರೆಲ್ಲ ಇದನ್ನ ನೋಡಿ.

ಹಳೇ ಸಲಹೆಗಳಲ್ಲಿ "ಟಚ್ ಕಮಾಂಡ್ ಹಾಕಿ ಫೈಲ್ ತಾರೀಖು ಹಿಂದೆ ಮಾಡಿ" ಅಂತ ಕಾಣ್ಬಹುದು. ಕಾಫ್ಕಾ ಫೈಲ್ ತಾರೀಖು ನೋಡ್ತಿದ್ದ ಕಾಲದ್ದು ಅದು, 0.10.1 ವರ್ಷನ್ ಬಂದ್ಮೇಲೆ ಮೆಸೇಜ್ ತಾರೀಖೇ ಲೆಕ್ಕ, ಟಚ್ ಮಾಡಿ ಪ್ರಯೋಜನ ಇಲ್ಲ.

ಹಂತ 6: ಅಡ್ಡ ಕೂತ ಮೂಟೆ ತೆಗೆಯೋದು

ಏನೇ ಆದ್ರೂ ಆರ್‌ಎಂ ಕಮಾಂಡ್ ಹಾಕಿ ಮೂಟೆ ಫೈಲ್ ಅಳಿಸ್ಬೇಡಿ, ಬ್ರೋಕರ್ ಓಡ್ತಿರುವಾಗಂತೂ ಬೇಡ್ವೇ ಬೇಡ. ದಾರಿ ಎರಡಿವೆ.

ಮೊದಲನೇದು ಗಾತ್ರದ ಮಿತಿ. ಆ ಟಾಪಿಕ್‌ಗೆ ತಾತ್ಕಾಲಿಕವಾಗಿ ರಿಟೆನ್ಷನ್ ಡಾಟ್ ಬೈಟ್ಸ್ ಇಡಿ. ಗಾತ್ರದ ಲೆಕ್ಕ ತಾರೀಖು ನೋಡಲ್ಲ, ಹಳೇ ಮೂಟೆಯಿಂದ ಎಸೀತಾ ಬರುತ್ತೆ, 2080ರ ಮೂಟೆನೂ ಹೋಗುತ್ತೆ. ಎಷ್ಟು ಇಡ್ಬೇಕು ಅಂದ್ರೆ, ಪಾರ್ಟಿಷನ್ ಫೋಲ್ಡರ್‌ನಲ್ಲಿ ಕನ್ಸ್ಯೂಮರ್ ಇನ್ನೂ ಓದ್ದೇ ಇರೋ ಮೂಟೆಗಳ ಗಾತ್ರ ಕೂಡಿಸಿ, ಅದಕ್ಕಿಂತ ಒಂದಿಷ್ಟು ಜಾಸ್ತಿ. ಕಮ್ಮಿ ಇಟ್ರೆ ಓದದೇ ಇರೋದೂ ಹೋಗುತ್ತೆ.

ಎರಡನೇದು ಕಾಫ್ಕಾ ಡಿಲೀಟ್ ರೆಕಾರ್ಡ್ಸ್ ಸ್ಕ್ರಿಪ್ಟ್. ಒಂದು ಜೇಸನ್ ಫೈಲ್‌ನಲ್ಲಿ ಟಾಪಿಕ್, ಪಾರ್ಟಿಷನ್, ಇಂಥ ಆಫ್‌ಸೆಟ್‌ಗಿಂತ ಹಿಂದಿಂದು ಬೇಡ ಅಂತ ಬರ್ದು ಕೊಡೋದು. ಹೆಚ್ಚು ನಿಖರ, ನನಗಿಷ್ಟ ಇದೇ. ಆದ್ರೆ ಒಮ್ಮೆ ಕೊಟ್ಟ ಮೇಲೆ ವಾಪಸ್ ಇಲ್ಲ, ಆಫ್‌ಸೆಟ್ ಎರಡು ಸಲ ಓದಿ. ಬರೀ ಕಂಪ್ಯಾಕ್ಟ್ ಇರೋ ಟಾಪಿಕ್‌ಗೆ ಇದು ನಡಿಯಲ್ಲ.

ಯಾವ್ದೇ ಮಾಡಿದ್ರೂ ಕಾಯಿರಿ. ಕಾಫ್ಕಾ ಮೂಟೆ ನೋಡೋಕೆ ಬರೋದು 5 ನಿಮಿಷಕ್ಕೊಂದ್ಸಲ, ಎಸೀಬೇಕು ಅಂತಾದ್ರೆ ಮೊದ್ಲು ಫೈಲ್ ಹೆಸರಿನ ಕೊನೆಗೆ ಡಿಲೀಟೆಡ್ ಅಂತ ಸೇರಿಸುತ್ತೆ, ನಿಜವಾಗಿ ಅಳಿಸೋದು ಇನ್ನೊಂದು ನಿಮಿಷ ಬಿಟ್ಟು. ಆರು ನಿಮಿಷ. ಒಂದು ಕಾಫಿ ಕುಡ್ಕೊಂಡು ಬನ್ನಿ, ಅಷ್ಟರಲ್ಲಿ ಮತ್ತೆ ನಾಲ್ಕು ಸೆಟ್ಟಿಂಗ್ ಬದಲಾಯಿಸಿದ್ರೆ ಯಾವ್ದರಿಂದ ಏನಾಯ್ತು ಅಂತ ತಿಳಿಯಲ್ಲ. ಸರ್ವರ್ ಡಾಟ್ ಲಾಗ್‌ನಲ್ಲಿ ಬ್ರೀಚ್ ಅನ್ನೋ ಪದ ಇರೋ ಸಾಲು ಹುಡುಕಿ, ಯಾವ ಮೂಟೆನ ಸಮಯದ ಲೆಕ್ಕದಲ್ಲಿ ಎಸೆದೆ, ಯಾವ್ದನ್ನ ಗಾತ್ರದ ಲೆಕ್ಕದಲ್ಲಿ ಎಸೆದೆ ಅಂತ ಅಲ್ಲೇ ಬರ್ದಿರುತ್ತೆ.

ಡಿಸ್ಕ್ ಪೂರ್ತಿ ತುಂಬಿ ಬ್ರೋಕರ್ ಏಳ್ತಾನೇ ಇಲ್ಲ ಅಂದ್ರೆ ಮೊದ್ಲು ಉಸಿರಾಡೋಕೆ ಜಾಗ ಮಾಡಿ. ಹಂತ 1ರ ದಿನಚರಿ ಫೈಲ್‌ಗಳು, ಸಿಸ್ಟಂ ಜರ್ನಲ್ ತೆಗೀರಿ. ಇಎಕ್ಸ್‌ಟಿ4 (ಲಿನಕ್ಸ್‌ನ ಒಂದು ಫೈಲ್ ವ್ಯವಸ್ಥೆ) ಡಿಸ್ಕ್ ಆದ್ರೆ ಡೀಫಾಲ್ಟ್ ಆಗಿ 5 ಪರ್ಸೆಂಟ್ ಜಾಗ ರೂಟ್‌ಗೆ ಅಂತ ಮೀಸಲಿರುತ್ತೆ, ಟ್ಯೂನ್2ಎಫ್‌ಎಸ್‌ನಲ್ಲಿ ಅದನ್ನ 1ಕ್ಕೆ ಇಳಿಸಿದ್ರೆ 256 ಜಿಬಿಲಿ ಹತ್ತು ಜಿಬಿ ಸಿಗುತ್ತೆ. ಬ್ರೋಕರ್ ಎದ್ದ ಮೇಲೆ ಮೇಲಿನ ದಾರಿ ಹಿಡೀರಿ.

ಹಂತ 7: ಮತ್ತೆ ಹಂಗಾಗ್ದೇ ಇರೋಕೆ

ಟೈಮ್‌ಸ್ಟ್ಯಾಂಪ್ ಟೈಪ್‌ನ ಲಾಗ್ ಅಪೆಂಡ್ ಟೈಮ್ ಅಂತ ಬದಲಾಯಿಸಿದ್ರೆ ತಾರೀಖನ್ನ ಬ್ರೋಕರ್ ತಾನೇ ಹಾಕುತ್ತೆ, ಪೆಟ್ಟಿಗೆ ಗಡಿಯಾರ ಏನಾದ್ರೂ ಹೇಳ್ಲಿ. ಹೊಸದಾಗಿ ಬರೋ ಮೆಸೇಜ್‌ಗೆ ಮಾತ್ರ ಇದು, ಹಳೇ ಮೂಟೆಗೆ ಹಂತ 6 ಮಾಡಲೇಬೇಕು. ಸೆನ್ಸರ್ ಡೇಟಾಗೆ ನಾನು ಇದನ್ನೇ ಹೇಳೋದು, ಒಂದು ಷರತ್ತಿನ ಮೇಲೆ. ಮಳೆ ಬಿದ್ದ ಸಮಯ ಮೆಸೇಜ್ ಒಳಗೇ ಬೇರೆ ಕಾಲಂ ಆಗಿ ಇರ್ಬೇಕು. ಇಲ್ಲಾಂದ್ರೆ ಎರಡು ದಿನ ನೆಟ್‌ವರ್ಕ್ ಇಲ್ದೇ ಆಮೇಲೆ ಒಟ್ಟಿಗೆ ಬಂದ ಡೇಟಾ ನೋಡಿ, ಎರಡು ದಿನದಲ್ಲಿ ಬಿದ್ದ ಹನ್ನೆರಡು ಇಂಚು ನಲವತ್ತು ಸೆಂಟ್ (ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ) ಮಳೆ ಒಂದೇ ಗಂಟೇಲಿ ಸುರಿದಂಗೆ ಗ್ರಾಫ್ ಬರುತ್ತೆ, ಅದನ್ನ ಯಾರಾದ್ರೂ ವಾಟ್ಸಾಪ್‌ಗೆ ಹಾಕಿದ್ರೆ ಮುಗೀತು ಕಥೆ.

ಕ್ರಿಯೇಟ್ ಟೈಮೇ ಬೇಕು ಅನ್ನೋರಿಗೆ 3.6 ವರ್ಷನ್‌ನಿಂದ ಒಂದು ತಡೆಗೋಡೆ ಇದೆ, ಮೆಸೇಜ್ ಡಾಟ್ ಟೈಮ್‌ಸ್ಟ್ಯಾಂಪ್ ಡಾಟ್ ಆಫ್ಟರ್ ಡಾಟ್ ಮ್ಯಾಕ್ಸ್ ಡಾಟ್ ಎಂಎಸ್. ಬ್ರೋಕರ್ ಗಡಿಯಾರಕ್ಕಿಂತ ಇಷ್ಟರ ಮೇಲೆ ಮುಂದಿರೋ ಮೆಸೇಜ್ ಬಂದ್ರೆ ತಗೋಬೇಡ ಅಂತ. 4.0ರಲ್ಲಿ ಇದು ಡೀಫಾಲ್ಟ್ ಆಗಿಯೇ ಒಂದು ಗಂಟೆ. ಅಪ್‌ಗ್ರೇಡ್ ಮಾಡಿದ್ಮೇಲೆ ಡೇಟಾನೇ ಬರ್ತಿಲ್ಲ ಅನ್ನೋರು ಇಲ್ಲಿ ನೋಡಿ: ಪೆಟ್ಟಿಗೆ ನಮ್ಮ ಭಾರತೀಯ ಸಮಯವನ್ನೇ ಯುಟಿಸಿ (ಜಾಗತಿಕ ಸಮಯ) ಅಂತ ಕಳಿಸ್ತಿದ್ರೆ ಅದು ಐದೂವರೆ ಗಂಟೆ ಮುಂದೆ ಆಯ್ತು, ಮುಂಚೆ ಯಾರೂ ಕೇಳ್ತಿರ್ಲಿಲ್ಲ, 4.0 ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಹಾಗೆ ವಾಪಸ್ ಬಂದ ಮೆಸೇಜ್‌ನ ಏನು ಮಾಡ್ಬೇಕು ಅಂತ ಪ್ರೊಡ್ಯೂಸರ್ ಕೋಡ್‌ನಲ್ಲಿ ಬರ್ದಿರಿ, ಅದನ್ನೇ ಮತ್ತೆ ಮತ್ತೆ ಕಳಿಸ್ತಾ ಕೂತ್ರೆ ಪೆಟ್ಟಿಗೆಯ ಬ್ಯಾಟರಿ ಖಾಲಿ. ಮತ್ತೆ ಪೆಟ್ಟಿಗೆ ಕೋಡ್‌ನಲ್ಲೇ, ವರ್ಷ ಸರಿ ಇಲ್ದೇ ಇದ್ರೆ ಟೈಮ್ ಸಿಗೋ ತನಕ ತಾರೀಖು ಹಾಕ್ಬೇಡ ಅಂತ ಒಂದು ಸಾಲು ಸೇರಿಸಿ.

ಹಂತ 8: ತಾತ್ಕಾಲಿಕ ಸೆಟ್ಟಿಂಗ್ ವಾಪಸ್ ತೆಗೀರಿ

ನೋಟ್‌ಬುಕ್ ತೆಗೀರಿ ಈಗ. ಹಂತ 6ರಲ್ಲಿ ಇಟ್ಟ ರಿಟೆನ್ಷನ್ ಡಾಟ್ ಬೈಟ್ಸ್‌ನ ಕಾಫ್ಕಾ ಕಾನ್ಫಿಗ್ಸ್‌ನಲ್ಲಿ ಡಿಲೀಟ್ ಕಾನ್ಫಿಗ್ ಕೊಟ್ಟು ತೆಗೀರಿ. ಇದನ್ನ ಮರೆತವರು ಮೂರು ತಿಂಗಳು ಬಿಟ್ಟು "ಡೇಟಾ ಬೇಗ ಹೋಗ್ತಿದೆ" ಅಂತ ಬರ್ತಾರೆ. ಡಿಸ್ಕ್ರೈಬ್ ಮಾಡಿ ಹೋಗಿದೆಯಾ ಖಚಿತ ಮಾಡ್ಕೊಳ್ಳಿ. ಆಮೇಲೆ ಕಾಫ್ಕಾ ಗೆಟ್ ಆಫ್‌ಸೆಟ್ಸ್ ಸ್ಕ್ರಿಪ್ಟ್‌ಗೆ ಟೈಮ್ ಜಾಗದಲ್ಲಿ ಮೈನಸ್ 2 ಕೊಟ್ರೆ ಪ್ರತಿ ಪಾರ್ಟಿಷನ್‌ನಲ್ಲಿ ಉಳಿದಿರೋ ಅತಿ ಹಳೇ ಮೆಸೇಜ್‌ನ ನಂಬರ್ ಬರುತ್ತೆ, ಅದನ್ನ ಬರ್ದಿಟ್ಕೊಳ್ಳಿ. ನಾಳೆ, ಸೆಗ್ಮೆಂಟ್ ಉದ್ದ ಇಟ್ಟಿದ್ರೆ ಇನ್ನೆರಡು ದಿನ ಬಿಟ್ಟು, ಮತ್ತೆ ಕೇಳಿ. ನಂಬರ್ ಮುಂದೆ ಹೋಗಿದ್ರೆ ಕ್ಲೀನಪ್ ನಡೀತಿದೆ. ಒಂದು ಪಾರ್ಟಿಷನ್ ಮಾತ್ರ ಅಲ್ಲೇ ನಿಂತಿದ್ರೆ ಆ ಪಾರ್ಟಿಷನ್‌ಗೆ ಕಳಿಸೋ ಪೆಟ್ಟಿಗೆ ಯಾವ್ದು ಅಂತ ಹುಡುಕಿ, ಕಂಬ ಹತ್ತಿ ಗಡಿಯಾರ ನೋಡಿ.